ಹೊಳೆಪ್ಪನ ಪಿಕಪ್ಪಿಗೆ ಹಿಡಿದ ನಡುಕ

ಮೂಡಲಗಿಯ ಹೊಳೆಪ್ಪನಿಗೆ ಊರಿನ ಗಾಡಿಗಳ ರೋಗವೆಲ್ಲ ಕಿವಿಯಿಂದಲೇ ತಿಳಿಯುತ್ತಿತ್ತು. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಹಾದುಹೋಗುವ ಟ್ರ್ಯಾಕ್ಟರಿನ ಸದ್ದು ಕೇಳಿ, ಕಣ್ಣು ಮುಚ್ಚಿ, "ಕ್ಲಚ್ ಹೋತು. ಈ ಸೋಮವಾರ ದಾಟಂಗಿಲ್ಲ" ಎಂದು ತೀರ್ಪು ಕೊಡುತ್ತಿದ್ದ. ಆ ಟ್ರ್ಯಾಕ್ಟರು ಅದೇ ಕ್ಲಚ್ಚಿನ ಮೇಲೆ ಮುಂದಿನ ಹಂಗಾಮಿನ ಕಬ್ಬನ್ನೂ ಹೊತ್ತರೆ ಯಾರೂ ವಾಪಸು ಬಂದು ಅವನನ್ನು ಕೇಳುತ್ತಿರಲಿಲ್ಲ. ಭವಿಷ್ಯ ಹೇಳುವವರಿಗೆ ಇರುವ ದೊಡ್ಡ ಅನುಕೂಲ ಅದೇ. ತಪ್ಪಿದ್ದು ಯಾರಿಗೂ ನೆನಪಿರುವುದಿಲ್ಲ, ಅಪ್ಪಿತಪ್ಪಿ ಸರಿಯಾದದ್ದನ್ನು ಹೇಳಿದವನೇ ನೆನಪಿಸುತ್ತಿರುತ್ತಾನೆ.

ಹರೆಯದಲ್ಲಿ ಹೊಳೆಪ್ಪ ಲಾರಿ ಹೊಡೆದವನು. ಅಂಬೋಲಿ ಘಾಟಿನಲ್ಲಿ ಬ್ರೇಕ್ ಹೋದ ಲಾರಿಯನ್ನು ಬರೀ ಗೇರಿನ ಮೇಲೆ ಕೆಳಗಿಳಿಸಿದ್ದು ಅವನ ಬದುಕಿನ ಮಹಾ ಪರ್ವ. ಆ ಘಾಟು ಮೊದಲು ಎಷ್ಟು ಇಳಿಜಾರಿತ್ತೋ ಗೊತ್ತಿಲ್ಲ, ಅವನು ಹೇಳಿದಂತೆಲ್ಲ ಕಡಿದಾಗುತ್ತ ಬಂದು ಇತ್ತೀಚೆಗೆ ಹೆಚ್ಚುಕಡಿಮೆ ಬಾವಿಯಾಗಿತ್ತು. ಈಗ ಅವನ ಹತ್ತಿರ ಒಂದು ಹಳೆಯ ಪಿಕಪ್ ಇತ್ತು. ಎಡಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಬಲಬಾಗಿಲು ಹೊರಗಿನಿಂದ ಮುಚ್ಚುತ್ತಿರಲಿಲ್ಲ. ಇವೆರಡರ ನಡುವೆ ಇದ್ದ ಡ್ರೈವರ್ ಸೀಟು ಮಾತ್ರ ಸಿಂಹಾಸನ. ಅದರ ಮೇಲೆ ಹೊಳೆಪ್ಪನನ್ನು ಬಿಟ್ಟು ಬೇರೆಯವರು ಕೂತದ್ದಿಲ್ಲ. ಗ್ಯಾರೇಜಿಗೆ ಹೋದಾಗಲೂ ಅವನು ಇಳಿಯುತ್ತಿರಲಿಲ್ಲ.

ಹೆಂಡತಿ ಅಲ್ಲವ್ವ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಬಡಿಯುತ್ತಿದ್ದಳು. ಹಪ್ಪಳದಷ್ಟು ತೆಳ್ಳಗೆ, ಬಿಸಿಲಿಗೆ ಹಿಡಿದರೆ ಬೆಳಕು ಕಾಣುವಂಥ ರೊಟ್ಟಿ. ಹುಕ್ಕೇರಿಯಲ್ಲಿ ಶೈಲಾ ಎಂಬಾಕೆಯ ಖಾನಾವಳಿಗೆ ವಾರಕ್ಕೊಮ್ಮೆ ಬುಟ್ಟಿಗಟ್ಟಲೆ ಹೋಗುತ್ತಿತ್ತು. ಹೊಳೆಪ್ಪ ಇದನ್ನು "ಹೆಂಗಸರ ಟೈಮ್‌ಪಾಸ್" ಎನ್ನುತ್ತಿದ್ದ. ಮನೆಯ ಕಿರಾಣಿ, ಗ್ಯಾಸು, ಪಿಕಪ್ಪಿನ ಇನ್ಶೂರೆನ್ಸು ಎಲ್ಲ ಆ ಟೈಮ್‌ಪಾಸಿನಿಂದಲೇ ನಡೆಯುತ್ತಿದ್ದವು. ಇಂಥ ಸಣ್ಣ ವಿಷಯಗಳ ಕಡೆ ಘಾಟ್ ಇಳಿದವರ ಲಕ್ಷ್ಯ ಹೋಗುವುದಿಲ್ಲ.

ಹೀಗಿರಲಾಗಿ ಪಿಕಪ್ಪಿನ ಸ್ಟೇರಿಂಗಿಗೆ ನಡುಕ ಹಿಡಿಯಿತು.

ನಲವತ್ತರ ವೇಗದ ತನಕ ಗಾಡಿ ಸಂಭಾವಿತನಂತೆ ಹೋಗುತ್ತಿತ್ತು. ನಲವತ್ತೈದು ದಾಟಿ ಒಂದು ಸಣ್ಣ ತಗ್ಗು ಸಿಕ್ಕರೆ ಸಾಕು, ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಗಡಗಡ ಅಲುಗಾಡಿ, ಹೊಳೆಪ್ಪನ ಕೆನ್ನೆಯ ಮಾಂಸವೂ ಅದರ ಜೊತೆ ಕುಣಿಯುತ್ತಿತ್ತು. ಬ್ರೇಕ್ ತುಳಿದು ವೇಗ ಇಳಿಸಿದ ಮೇಲೆ ತಾನಾಗಿ ನಿಲ್ಲುತ್ತಿತ್ತು.

"ಗಾಡಿ ಯಾಕ ಹಿಂಗ ನಡಗತೈತ್ರಿ?" ಎಂದು ಅಲ್ಲವ್ವ ಕೇಳಿದಳು.

"ಗಾಡಿ ಎಲ್ಲಿ ನಡಗತೈತಿ? ರಸ್ತಾ ನಡಗತೈತಿ."

ರಸ್ತೆಯ ಮೇಲೆ ಹೊರಿಸಿದ ಆರೋಪವನ್ನು ನಮ್ಮ ಕಡೆ ಯಾರೂ ಅಲ್ಲಗಳೆಯುವುದಿಲ್ಲವಾದ್ದರಿಂದ ಕೆಲವು ದಿನ ಹಾಗೇ ಸಾಗಿತು. ಆದರೆ ಹೊಸದಾಗಿ ಡಾಂಬರು ಹಾಕಿದ ಕಡೆಯೂ ಸ್ಟೇರಿಂಗ್ ಕುಣಿದಾಗ ಹೊಳೆಪ್ಪ ಹೊಸ ಉಪಾಯ ಹುಡುಕಿದ. ನಲವತ್ತರ ಮೇಲೆ ಹೋಗುವುದನ್ನೇ ಬಿಟ್ಟ. ಹಿಂದೆ ಬಸ್ಸು, ಲಾರಿ, ಮದುವೆಯ ಮಂದಿ ತುಂಬಿದ ಕ್ರೂಸರ್ ಜೀಪು ಸಾಲುಗಟ್ಟಿ ಹಾರ್ನ್ ಹೊಡೆದರೆ, "ಜೀವದ ಕಿಮ್ಮತ್ತು ಗೊತ್ತಿಲ್ಲದ ಮಂದಿ" ಎಂದು ಕನಿಕರ ಪಟ್ಟ. ಎರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರೊಂದು ಅರಭಾವಿಯ ಹತ್ತಿರ ಅವನನ್ನು ಹಿಂದೆ ಹಾಕಿ ಹೋದ ದಿನ ಮಾತ್ರ ಆ ಕನಿಕರ ಬತ್ತಿಹೋಯಿತು. ಮರುದಿನವೇ ಗೋಕಾಕಿನ ಕೇದಾರಿಯ ಗ್ಯಾರೇಜಿಗೆ ಹೋದ.

ಕೇದಾರಿ ಒಳ್ಳೆಯ ಮೆಕ್ಯಾನಿಕ್ ಎಂದು ಹೆಸರು. ಅವನ ಅಂಗಡಿಯಲ್ಲಿ ಯಾವ ಸಾಮಾನು ಹೆಚ್ಚಿಗೆ ಉಳಿದಿರುತ್ತದೋ, ಬಂದ ಗಾಡಿಗೆ ಅದೇ ರೋಗ ಇರುತ್ತಿದ್ದುದು ದೈವಯೋಗ. ಆ ವಾರ ಟಾಯರು ಬಹಳ ಇದ್ದವು. "ಮುಂದಿನ ಟಾಯರ್ ಸವದು ಉಂಡಿ ಆಗ್ಯಾವ್ರಿ" ಎಂದ. ಹೊಸ ಟಾಯರು ಹಾಕಿ, ಗಾಲಿಗಳ ತೂಕ ಸಮ ಮಾಡಿಸಿದರು. ನಡುಕ ಹೋಗಲಿಲ್ಲ. ಮುಂದಿನ ವಾರ ಸ್ಟೇರಿಂಗಿನ ಡ್ಯಾಂಪರ್, ಅಂದರೆ ಅಲುಗಾಟವನ್ನು ಹೀರಿಕೊಳ್ಳುವ ಪಂಪಿನಂಥದೊಂದು, ಹೊಸ ಮಾಲು ಬಂದಿತ್ತು. ಅದನ್ನೂ ಹಾಕಿದರು. ನಡುಕ ನಿಜಕ್ಕೂ ಕಡಿಮೆಯಾಯಿತು.

"ಹೋತೇನೋ ಹಂಗಾರ?" ಎಂದ ಹೊಳೆಪ್ಪ.

"ಹೋಗಿಲ್ಲರಿ. ಐತಿ. ಖರೆ ನಿಮಗ ಗೊತ್ತಾಗಂಗಿಲ್ಲ" ಎಂದ ಕೇದಾರಿ, ಬಹಳ ಪ್ರಾಮಾಣಿಕವಾಗಿ.

ಹದಿನೈದು ದಿನದಲ್ಲಿ ಗೊತ್ತಾಗತೊಡಗಿತು. ಮೂರನೆಯ ಸಲ ಹೋದಾಗ ಕೇದಾರಿಗೂ ಪಾಪಪ್ರಜ್ಞೆ ಬಂದಿತ್ತೋ ಸಾಮಾನು ತೀರಿತ್ತೋ, "ಕಾಕಾ, ನೀವು ಇಳೀರಿ. ಒಬ್ಬಾಂವ ಸ್ಟೇರಿಂಗ್ ತಿರುವ್ಲಿ, ನಾ ಬುಡಕ ಮಲಗಿ ನೋಡತೇನಿ. ಯಾವ ಕೀಲು ಸಡಲೈತಿ ಕಣ್ಣಿಗೇ ಕಾಣತೈತಿ" ಎಂದ. ಇದೊಂದು ಮಾತು ಅವನು ಮೊದಲೇ ಹೇಳಬಹುದಿತ್ತು.

"ನನ್ನ ಸೀಟಿನ್ಯಾಗ ಯಾರೂ ಕುಂದ್ರಂಗಿಲ್ಲ" ಎಂದ ಹೊಳೆಪ್ಪ.

"ಹಂಗಾರ ನೀವ ತಿರುವ್ರಿ."

"ನಾ ತಿರುವೂದು, ನೀ ನೋಡೂದು? ನಾ ಘಾಟ್ ಇಳಿಸೂ ಮುಂದ ನಿನಗಿನ್ನೂ ಹಲ್ಲ ಬಂದಿರಲಿಲ್ಲ. ಇದು ವೀಲ್ ಬೇರಿಂಗ್. ಸದ್ದಿನ ಮ್ಯಾಲೇ ಗೊತ್ತಾಗತೈತಿ."

ಹೀಗೆ ರೋಗನಿದಾನ ಮುಗಿದು, ಗಾಡಿ ನಡುಗುತ್ತಲೇ ಮೂಡಲಗಿಗೆ ಮರಳಿತು.

ಪೆಟ್ಟು ಬಿದ್ದದ್ದು ರೊಟ್ಟಿಗೆ. ಮೂಡಲಗಿಯಲ್ಲಿ ರೊಟ್ಟಿಯಾಗಿ ಏರಿದ್ದು ಹುಕ್ಕೇರಿಯಲ್ಲಿ ಚೂರಾಗಿ ಇಳಿಯತೊಡಗಿತು. ಒಂದು ವಾರ ಶೈಲಾ ಸುಮ್ಮನಿದ್ದಳು, ಎರಡನೆಯ ವಾರ ಮುಖ ಗಂಟು ಹಾಕಿದಳು. ಮೂರನೆಯ ವಾರ ಬುಟ್ಟಿಯ ಬಟ್ಟೆ ಸರಿಸಿ, ಒಂದು ಹಿಡಿ ಚೂರು ಎತ್ತಿಕೊಂಡು, ಊಟಕ್ಕೆ ಕೂತ ಗಿರಾಕಿಗಳೆಲ್ಲ ಕೇಳುವಂತೆ, "ಅಲ್ಲವ್ವಕ್ಕಾ, ಇದನ್ನ ಎಣಸಿ ತಗೊಳ್ಳೋದೋ, ಅಳದು ತಗೊಳ್ಳೋದೋ?" ಎಂದಳು. ಒಳಗೆ ಯಾರೋ ನಕ್ಕರು. ಅಲ್ಲವ್ವ ಬುಟ್ಟಿ ಹೊತ್ತುಕೊಂಡು ಹೊರಬಂದಳು. ಬೆಳಗಿನ ಜಾವ ಎದ್ದು ಒಲೆಯ ಮುಂದೆ ಬೆವರಿಳಿಸಿದ ಹೆಂಗಸರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂದವು.

ಮುಂದಿನ ವಾರ ಅವಳು ರೊಟ್ಟಿಯ ಬುಟ್ಟಿಗಳನ್ನು ಬಸ್ಸಿಗೆ ಹೇರಿದಳು. ಅದೂ ಚಹಾದಂಗಡಿಯ ಎದುರಿಗೇ, ಹೊಳೆಪ್ಪ ಬೆಂಚಿನ ಮೇಲೆ ಕೂತು ಯಾವನದೋ ಆಟೋದ ಸೈಲೆನ್ಸರಿನ ಬಗ್ಗೆ ಪ್ರವಚನ ಮಾಡುತ್ತಿದ್ದಾಗ.

"ಯಾಕೋ ಹೊಳೆಪ್ಪ, ಮನ್ಯಾಗ ಪಿಕಪ್ ಇಟಗೊಂಡು ಮನೇವ್ರನ್ನ ಬಸ್ಸಿಗೆ ಕಳಸಾಕತ್ತೀ?" ಎಂದು ಅಂಗಡಿಯ ಅಪ್ಪಣ್ಣ ಕೇಳಿದ.

"ಗಾಡಿ ಸರ್ವಿಸಿಂಗ್ ಐತಿ" ಎಂದ ಹೊಳೆಪ್ಪ. ಗಾಡಿ ಅವನ ಬೆನ್ನ ಹಿಂದೆಯೇ ನಿಂತಿತ್ತು.

ಅವತ್ತು ಸಂಜೆ ಅವನಿಗೆ ಊಟ ರುಚಿಸಲಿಲ್ಲ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ತಿಳಿಯದ್ದರಿಂದ ಕೊಟ್ಟಿಗೆಯ ಎಮ್ಮೆಯ ಮೇಲೆ ಕೂಗಾಡಿದ. ಕೊನೆಗೆ, "ಬರೂ ವಾರ ನನ್ನ ಗಾಡ್ಯಾಗ ಒಯ್ಯೂಣು. ಒಂದ ರೊಟ್ಟಿ ಒಡದರ ಕೇಳು" ಎಂದ.

"ಕೇಳಿ ಏನ್ ಮಾಡಲಿ? ರೊಟ್ಟಿ ಕೂಡಿಸಾಕ ಬರತೈತೇನ್ ನಿಮಗ?" ಎಂದಳು ಅಲ್ಲವ್ವ. ಆದರೂ ಒಪ್ಪಿದಳು. ಬಸ್ಸಿನ ಕಂಡಕ್ಟರನಿಗೂ ರೊಟ್ಟಿಯ ಮೇಲೆ ಅಷ್ಟೇನೂ ಕರುಣೆ ಇರಲಿಲ್ಲ.

ಹೊಳೆಪ್ಪ ಬುಟ್ಟಿಗಳ ಕೆಳಗೆ ಎರಡು ಗಾದಿ ಹಾಸಿದ. ಗಾಡಿಯ ರೋಗಕ್ಕೆ ರೊಟ್ಟಿಗೆ ಔಷಧ. ಅರಭಾವಿ ದಾಟಿತು, ಘಟಪ್ರಭಾ ದಾಟಿತು. ಎರಡೂ ಬದಿ ಎದೆಯೆತ್ತರದ ಕಬ್ಬು. ಬೆಲ್ಲದ ಬಾಗೇವಾಡಿ ಇನ್ನೇನು ಬಂತು ಎನ್ನುವಾಗ ರಸ್ತೆ ನೇರವಾಗಿ, ನುಣ್ಣಗೆ ಮುಂದೆ ಬಿದ್ದಿತ್ತು. ಹಿಂದೆ ಬಸ್ಸೊಂದು ಹಾರ್ನ್ ಹೊಡೆಯಿತು. ಹೊಳೆಪ್ಪನ ಬಲಗಾಲು ಅವನ ಅಪ್ಪಣೆ ಕೇಳದೆ ಕೆಳಗಿಳಿಯಿತು. ಐವತ್ತು, ಐವತ್ತೈದು.

ಅಷ್ಟರಲ್ಲಿ ಎಡಗಾಲಿ ಒಂದು ತಗ್ಗಿಗೆ ಇಳಿದೆದ್ದಿತು.

ಈ ಸಲ ಅದು ನಡುಕವಾಗಿರಲಿಲ್ಲ. ಮುಂದಿನ ಗಾಲಿಗಳೆರಡೂ ಹುಚ್ಚು ಹಿಡಿದಂತೆ ಎಡಬಲ ಬಡಿದಾಡಿದವು. ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ತಿರುಗಿ ಹೊಳೆಪ್ಪನ ಹೆಬ್ಬೆರಳಿಗೆ ಬಡಿಯಿತು. ಗಾಡಿ ಒಮ್ಮೆ ಬಲಕ್ಕೆ ಹೋಯಿತು, ಎದುರಿಗೆ ಬರುತ್ತಿದ್ದ ಟ್ರ್ಯಾಕ್ಟರಿನವನ ತೆರೆದ ಬಾಯಿ ಕಂಡಿತು, ಮತ್ತೆ ಎಡಕ್ಕೆ ಬಂತು. ಅಲ್ಲವ್ವ ಎರಡೂ ಕೈಯಿಂದ ಮುಂದಿನ ಕಬ್ಬಿಣದ ಹಿಡಿಕೆ ಹಿಡಿದು ಕಣ್ಣು ಮುಚ್ಚಿದ್ದಳು. ಹೊಳೆಪ್ಪ ಜಬರದಸ್ತಿ ಮಾಡದೆ ಸ್ಟೇರಿಂಗನ್ನು ಹಿಡಿದಷ್ಟೇ ಹಿಡಿದು, ಬ್ರೇಕನ್ನು ಮೆಲ್ಲಗೆ ತುಳಿಯುತ್ತ ವೇಗ ಇಳಿಸಿದ. ಗಾಡಿ ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಬಂದು ನಿಂತಿತು. ನಿಜ ಹೇಳಬೇಕೆಂದರೆ ಅವನು ಬಾಳಿನಲ್ಲಿ ಮಾಡಿದ ಅತ್ಯುತ್ತಮ ಡ್ರೈವಿಂಗ್ ಅದು. ಆದರೆ ಅದನ್ನು ಅವನು ಮುಂದೆ ಎಲ್ಲಿಯೂ ಹೇಳಿಕೊಳ್ಳಲಿಲ್ಲ.

ಎಂಜಿನ್ ಬಂದಾದ ಮೇಲೂ ಅವನ ಕೈಗಳು ಸ್ಟೇರಿಂಗನ್ನು ಬಿಡಲಿಲ್ಲ. ಅಲ್ಲವ್ವ ಅವನ್ನು ನೋಡಿದಳು. ಯಾವುದಾದರೂ ಚುಚ್ಚುಮಾತು ಬರುತ್ತದೆ ಎಂದು ಅವನು ಕಾದ. ಅವಳು ನೀರಿನ ಬಾಟಲಿ ಕೊಟ್ಟಳು. ಚುಚ್ಚಿದ್ದರೇ ಚಲೋ ಇತ್ತು ಎನಿಸಿತು ಅವನಿಗೆ.

ಆಮೇಲೆ ಇಳಿದು ಜಾಕ್ ಹಾಕಿ ಎಡಗಾಲಿಯನ್ನು ನೆಲದಿಂದ ಎತ್ತಿದ. ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಅಲುಗಲಿಲ್ಲ. ಸದ್ದಿನ ಮೇಲೆಯೇ ಗೊತ್ತಾಗಿದ್ದ ವೀಲ್ ಬೇರಿಂಗ್ ಕಲ್ಲಿನಂತೆ ಗಟ್ಟಿಯಾಗಿತ್ತು. ಎರಡು ಬದಿಯಿಂದ ಹಿಡಿದು ಅಲ್ಲಾಡಿಸಿದ. ಟಕ್ ಎಂದಿತು. ಎಲ್ಲಿಂದ? ಕಿವಿಗೊಟ್ಟ. ಟಕ್. ಮೂಡಲಗಿಯ ಸಕಲ ಗಾಡಿಗಳ ಒಳಗುಟ್ಟು ಕೇಳುತ್ತಿದ್ದ ಆ ಕಿವಿಗೆ ತನ್ನ ಗಾಡಿಯ ಟಕ್ ಎಲ್ಲಿಯದೆಂದು ತಿಳಿಯಲಿಲ್ಲ.

ಇನ್ನು ಕೇದಾರಿ ಹೇಳಿದ ದಾರಿಯೊಂದೇ. ಜಾಕ್ ಇಳಿಸಿ, ಸೀಟಿಗೆ ಹತ್ತಿ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಅಲುಗಿಸಿ, ಜಿಗಿದಿಳಿದು, ಗಾಡಿಯ ಬುಡಕ್ಕೆ ತೆವಳಿ ನೋಡಿದ. ಅವನು ಬುಡಕ್ಕೆ ತಲುಪುವ ಹೊತ್ತಿಗೆ ಸಹಜವಾಗಿಯೇ ಏನೂ ಅಲುಗುತ್ತಿರಲಿಲ್ಲ. ಮತ್ತೆ ಹತ್ತಿದ, ಇನ್ನಷ್ಟು ಬೇಗ ಇಳಿದ. ಮತ್ತೆ. ತನ್ನನ್ನು ತಾನೇ ಮೋಸದಿಂದ ಹಿಡಿಯಲು ಹೊರಟವನ ಹಾಗೆ ಕಾಣುತ್ತಿದ್ದ. ಅಂಗಿಗೆ ಮಣ್ಣು, ಮೀಸೆಗೆ ಗ್ರೀಸು. ಬೇವಿನ ನೆರಳಲ್ಲಿ ಕೂತ ಅಲ್ಲವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಇದನ್ನೆಲ್ಲ ನೋಡಿದಳು.

"ನಾ ಕುಂದ್ರಲ್ಯಾ?" ಎಂದಳು ಕಡೆಗೆ.

ಹೊಳೆಪ್ಪ ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಪರಿಚಯದವರು ಯಾರೂ ಇರಲಿಲ್ಲ.

"ಕುಂದ್ರು" ಎಂದ.

ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಹತ್ತಿ ಕೂತಳು. ಅವನು ಬೆನ್ನ ಮೇಲೆ ಮಲಗಿ ಬುಡಕ್ಕೆ ಸರಿದ. "ಸಾವಕಾಶ. ಸ್ವಲ್ಪ ಎಡಕ್ಕ, ಸ್ವಲ್ಪ ಬಲಕ್ಕ. ಪೂರಾ ತಿರುವಬ್ಯಾಡ." ಅವಳು ತಿರುವಿದಳು. ಎರಡೂ ಗಾಲಿಗಳನ್ನು ಜೋಡಿಸುವ ಉದ್ದನೆಯ ಸರಳು ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು. ಗಾಲಿ ಮಾತ್ರ ಒಂದು ಗಳಿಗೆ ತಡೆದು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಹಿಂಬಾಲಿಸಿತು. ಸರಳಿನ ಎಡತುದಿಯಲ್ಲಿ ಗುಂಡಿನ ಕೀಲು ತನ್ನ ಬಟ್ಟಲಲ್ಲಿ ಹುರಿದ ಕಡಲೆಯ ಹಾಗೆ ಕುಪ್ಪಳಿಸುತ್ತಿತ್ತು. ಮೇಲಿನ ರಬ್ಬರು ಹರಿದು, ಗ್ರೀಸು ಇರಬೇಕಾದಲ್ಲಿ ಧೂಳು ತುಂಬಿತ್ತು.

"ನಿಲ್ಲಸು" ಎಂದ.

"ಸಿಕ್ಕತೇನ್ರಿ?"

"ಹೂಂ."

"ಬೇರಿಂಗಾ?"

ಬುಡದಲ್ಲಿ ಹೊಳೆಪ್ಪ ಆ ಕೀಲನ್ನು ಮತ್ತೊಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿದ.

"ಅಲ್ಲ."

ತಾನೇ ಆಡಿದ ಮಾತಿಗೆ ಹೊಳೆಪ್ಪ 'ಅಲ್ಲ' ಎಂದದ್ದನ್ನು ಅಲ್ಲವ್ವ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಅದನ್ನು ಅನುಭವಿಸಲೆಂದೇ ಎನ್ನುವ ಹಾಗೆ ಸೀಟಿನಲ್ಲಿ ಹಿಂದಕ್ಕೆ ಒರಗಿ, ಸ್ಟೇರಿಂಗನ್ನು ಒಂದು ಬೆರಳಿನಿಂದ ಅಲುಗಿಸಿ ಕೇಳಿದಳು: "ಇದು ನಾಕ ಬೆರಳಷ್ಟ ಖಾಲಿ ತಿರಗತೈತಲ್ರಿ. ಮೊದಲಿಂದ ಹಿಂಗ ಐತೇನು?"

ಮೊದಲಿನಿಂದ ಹೀಗೆ ಇತ್ತೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಕೀಲು ದಿನದಿನಕ್ಕೂ ಸವೆದಂತೆ ಅವನ ಕೈ ಅಷ್ಟಷ್ಟೇ ಹೆಚ್ಚಿಗೆ ತಿರುವುತ್ತ ಬಂದಿತ್ತು. ಅದಕ್ಕೆ ಅವನು ಇಟ್ಟ ಹೆಸರು 'ಗಾಡಿ ನನ್ನ ಕೈಗೆ ಕುಂತೈತಿ.' ಅವತ್ತೇ ಮೊದಲ ಸಲ ಕೂತವಳಿಗೆ ಅದು ಖಾಲಿ ಎಂದು ಕಂಡಿತು, ಅಷ್ಟೇ.

ಎತ್ತಿನ ಗಾಡಿಯ ವೇಗದಲ್ಲಿ ಬಾಗೇವಾಡಿ ಮುಟ್ಟಿದರು. ಅಲ್ಲಿಯ ಗ್ಯಾರೇಜಿನಲ್ಲಿ ಸರಳಿನ ಎರಡೂ ತುದಿಯ ಕೀಲುಗಳನ್ನು ಬದಲಾಯಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಟಾಯರಿಗಿಂತ, ಡ್ಯಾಂಪರಿಗಿಂತ ಅಗ್ಗದ ವಸ್ತು ಅದು. ಹುಕ್ಕೇರಿಯಲ್ಲಿ ಶೈಲಾ ಬುಟ್ಟಿಯ ಬಟ್ಟೆ ಸರಿಸಿದಾಗ ಮೇಲಿನ ನಾಲ್ಕಾರು ರೊಟ್ಟಿ ಒಡೆದಿದ್ದವು, ಉಳಿದವು ಗಾದಿಯ ಪುಣ್ಯದಿಂದ ಇಡಿಯಾಗಿದ್ದವು. ಅವಳು ಎಣಿಸಿಕೊಂಡು ಒಳಗೆ ಒಯ್ದಳು. ಮರುದಿನ ಗೋಕಾಕಿನಲ್ಲಿ ಗಾಲಿಗಳನ್ನು ನೇರ ಮಾಡಿಸಲು ಹೋದಾಗ ಕೇದಾರಿ ಹೊಸ ಕೀಲು ನೋಡಿ, "ನಾನೂ ಅದನ್ನ ಹೇಳಾಂವ ಇದ್ದೆರಿ" ಎಂದ. ಗಾಡಿ ಈಗ ಅರವತ್ತರಲ್ಲೂ ಅಲುಗುತ್ತಿರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಹೊಳೆಪ್ಪನಿಗೆ ಅನುಕೂಲವಾಗುತ್ತಿತ್ತು. ಆದರೆ ಅಲ್ಲವ್ವನಿಗೆ ಬೇವಿನ ಮರದ ಕೆಳಗೆ ಎರಡು ಕೈಯಲ್ಲಿ ಸ್ಟೇರಿಂಗ್ ಹಿಡಿದದ್ದು ಮರೆಯಲಿಲ್ಲ. "ಗಾಡಿ ಹೊಡಿಯೂದು ಅಷ್ಟೇನ್ ಕಠಿಣ ಕೆಲಸ ಅಲ್ರಿ" ಎಂದು ಒಂದು ದಿನ ರೊಟ್ಟಿ ಬಡಿಯುತ್ತಲೇ ಹೇಳಿದಳು. ಹೊಳೆಪ್ಪ ನಕ್ಕ. ಅವಳು ಗೋಕಾಕಿಗೆ ಹೋಗಿ ಕಲಿಕೆಯ ಲೈಸೆನ್ಸ್ ಮಾಡಿಸಿಕೊಂಡು ಬಂದಳು. ನಗು ನಿಂತಿತು. ಬೇರೆಯವರ ಕೈಯಲ್ಲಿ ಕಲಿಯುತ್ತಾಳೆಂಬ ಹೆದರಿಕೆಗೆ ಅವನೇ ಕಲಿಸಿದ, ಕ್ಲಚ್ಚಿಗಿಂತ ಹೆಚ್ಚಾಗಿ ಅಂಬೋಲಿ ಘಾಟನ್ನು. ಅದನ್ನೂ ಸಹಿಸಿಕೊಂಡು ಅವಳು ಪಾಸಾದಳು.

ಈಗ ವಾರದ ರೊಟ್ಟಿ ಹುಕ್ಕೇರಿಗೆ ಹೋಗುವಾಗ ಅವಳೇ ಹೊಡೆಯುತ್ತಾಳೆ, ಹೊಳೆಪ್ಪ ಎಡಸೀಟಿನಲ್ಲಿ ಕೂರುತ್ತಾನೆ. ಎದುರಿಗೆ ಲಾರಿ ಬಂದರೆ, ಕೋಳಿ ಅಡ್ಡ ಬಂದರೆ, ಏನೂ ಬರದಿದ್ದರೂ ಒಮ್ಮೊಮ್ಮೆ, ಅವನ ಬಲಗಾಲು ಬ್ರೇಕೇ ಇಲ್ಲದ ಜಾಗದಲ್ಲಿ ನೆಲವನ್ನು ಒತ್ತುತ್ತದೆ. ಅಲ್ಲಿಯ ರಬ್ಬರು ಹಾಸು ಆಗಲೇ ತೂತು ಬಿದ್ದಿದೆ.

"ಕಾಲಾಗ ಏನ್ ಒರಸಾಕತ್ತೀರಿ?" ಎಂದು ಮೊನ್ನೆ ಅಲ್ಲವ್ವ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಇರುವಿ" ಎಂದ ಹೊಳೆಪ್ಪ.

"ಸಾಯ್ತೇನು?"

"ಇನ್ನೂ ಇಲ್ಲ. ನೀ ಮುಂದ ನೋಡು."