ಅಪ್ಪನ ಹುಲ್ಲು ಕತ್ತರಿಸುವ ಮೆಷಿನ್ನು

ಬೆಳಗಿನಿಂದ ಮನೆಯೆಲ್ಲ ಗ್ರೀಸ್ ವಾಸನೆ. ರಾಜಾಜಿನಗರದ ಹಳೇ ಮನೆಯಲ್ಲೂ ಭಾನುವಾರ ಬಂತೆಂದರೆ ಇದೇ ಗೋಳು. ಎರಡು ಚಾಪೆಯಗಲದ ಹುಲ್ಲಿಗೆ ಅಪ್ಪ ಎಲ್ಲಿಂದಲೋ ಹುಲ್ಲು ಕತ್ತರಿಸುವ ಮೆಷಿನ್ನು ತಂದಿದ್ದರು. ತಳ್ಳಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಚಕ್ರ ಕಳಚಿ, ಬೇರಿಂಗಿನ ಗುಂಡುಗಳನ್ನು ಅಮ್ಮನ ಸ್ಟೌವಿನ ಸೀಮೆಎಣ್ಣೆಯಲ್ಲೇ ತೊಳೆಯುತ್ತಿದ್ದರು.

"ಇನ್ನು ಕಾಫಿ ಹೇಗ್ರೀ ಕಾಯಿಸ್ಲಿ? ಕುಡುಗೋಲು ಕೊಡಿ, ನಾನೇ ಕುಯ್ದು ಬಿಸಾಕ್ತೀನಿ" ಎಂದು ಅಮ್ಮ ರೇಗುತ್ತಿದ್ದಳು.

"ಸ್ವಲ್ಪ ಇರೇ, ಚಕ್ರ ಕಿರ್ ಅಂತಿದೆ" ಎನ್ನುತ್ತಿದ್ದರು ಅಪ್ಪ.

ಒಂದು ಭಾನುವಾರ ಅವರು ಗ್ರೀಸ್ ಮೆತ್ತಿ, ಚಕ್ರ ಕೂರಿಸಿ ತಲೆಯೆತ್ತುವಷ್ಟರಲ್ಲಿ, ಬಾಗಿಲಲ್ಲೇ ಹಾಲು ಕರೆದುಕೊಡಲು ಹಾಲಿನವಳು ಹೊಡೆದುಕೊಂಡು ಬಂದಿದ್ದ ಹಸು ಹುಲ್ಲನ್ನೆಲ್ಲ ನುಣ್ಣಗೆ ಮೇಯ್ದಿತ್ತು. ಅಪ್ಪ ಬರೀ ಮಣ್ಣಿನ ಮೇಲೆ ಮೆಷಿನ್ನು ತಳ್ಳಿ, "ನೋಡೇ, ಸದ್ದೇ ಇಲ್ಲ!" ಎಂದರು.

ಇವತ್ತು ನನ್ನ ಮಗ ಅದೇ ಮೆಷಿನ್ನು ಬಿಚ್ಚಿಕೊಂಡು ಕೂತಿದ್ದಾನೆ. ಕೇಳಿದರೆ "ಬೇರಿಂಗ್ ಹೋಗಿದೆ ಅಮ್ಮಾ" ಅನ್ನುತ್ತಾನೆ. ಹುಲ್ಲು ಮೊಣಕಾಲು ಮುಟ್ಟಿದೆ. ಈ ಬೀದಿಗೆ ಈಗ ಹಸುವೂ ಬರುವುದಿಲ್ಲ.