ನಿಲ್ಲದೆ ಹೋದ ನಾದಸ್ವರ

ಆ ಸಂಜೆ ನಾದಸ್ವರ ನಮ್ಮ ಬಾಗಿಲ ಮುಂದೆ ನಿಲ್ಲಲೇ ಇಲ್ಲ.

ಎಪ್ಪತ್ತರ ದಶಕದ ಕೊನೆ. ಲಗ್ಗೆರೆಯ ನಮ್ಮ ಬೀದಿಯ ಮಕ್ಕಳಿಗೆಲ್ಲ ಸೀತಾಳೆ ಸಿಡುಬು ಹರಡಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮನೆಗೆ ಯಾರೂ ಕಾಲಿಡುತ್ತಿರಲಿಲ್ಲ. ಮದುವೆಗಳು ಮುಂದಕ್ಕೆ ಹೋಗಿ ಸುಮ್ಮನೆ ಕೂತಿದ್ದ ವಾಲಗದ ಮುನಿಯಪ್ಪನವರು ಮಾತ್ರ ದಿನವೂ ಸಂಜೆ ಬಂದು, ಬೇವು ಕಂಡ ಬಾಗಿಲಲ್ಲೆಲ್ಲ ನಿಂತು, ಒಳಗೆ ಮಲಗಿದ ಮಗುವಿಗಾಗಿ ಮೆಲ್ಲಗೆ ನುಡಿಸುತ್ತಿದ್ದರು. ಜ್ವರದ ಮಂಪರಿನಲ್ಲಿ ನನ್ನ ಮಗಳು, "ಅಮ್ಮಾ, ಗೋಡೆ ತೇಲ್ತಾ ಇದೆ" ಎಂದು ನಗುತ್ತಿದ್ದಳು. ಕೇಳುತ್ತಾ ಕೂತರೆ ನನಗೂ ಹಾಗೇ ಅನಿಸುತ್ತಿತ್ತು.

ಅಂದು ಅವರು ನಿಲ್ಲದೆ ಹೋದದ್ದು ಕಂಡು ಕೋಪವೇ ಬಂತು. ಹೊಸಿಲಿನಿಂದಲೇ ಕೂಗಿದೆ: "ಯಾಕಣ್ಣಾ, ನಮ್ಮನೆ ಮರೆತ್ಬಿಟ್ರಾ?"

ಅವರು ತಿರುಗಿ ನಕ್ಕರು. "ಬಾಗ್ಲಲ್ಲಿ ಬೇವಿಲ್ವಲ್ಲ ತಾಯಿ. ಮಗೀಗೆ ತಲೆಗೆ ನೀರಾಕಿದ್ರಲ್ಲ, ಇನ್ ನಿಮ್ಮನೇಲಿ ನಂಗೇನ್ ಕೆಲ್ಸ?"

ಬೆಳಿಗ್ಗೆ ಆ ಸೊಪ್ಪು ಬಿಚ್ಚಿದವಳು ನಾನೇ. ಮಗಳು ಗುಣವಾದಳೆಂದು ಅಲ್ಲಿಯವರೆಗೂ ನನ್ನ ಮನಸ್ಸು ನಂಬಿರಲಿಲ್ಲ.

ಈಗಲೂ ಎಲ್ಲೋ ವಾಲಗ ದೂರವಾಗುತ್ತಾ ಹೋಗುವುದು ಕೇಳಿದರೆ, ಅದು ನಮ್ಮ ಬಾಗಿಲು ದಾಟಿ ಹೋಗುತ್ತಿದೆ ಅನ್ನಿಸಿ ಮೈಯೆಲ್ಲ ಹಗುರಾಗುತ್ತದೆ.