ಕೊನೆಯ ಅಧ್ಯಾಯದಲ್ಲಿ ನಾನು ಸೇರಿಸಿದ್ದು

ನನ್ನ ಗಂಡ ಹಳೆಯ ಚೀನೀ ಕಾದಂಬರಿಯೊಂದನ್ನು ಅದರ ಜಪಾನಿ ಅನುವಾದದಿಂದ ಕನ್ನಡಕ್ಕೆ ತರುತ್ತಿದ್ದರು. ಜಪಾನಿನ ಹಮಾಮತ್ಸು ಊರಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವರಿಗೆ ಭಾನುವಾರ ಮಾತ್ರ ಬಿಡುವು. ಅವರು ಪುಸ್ತಕ ನೋಡಿಕೊಂಡು ಬಾಯಲ್ಲಿ ಹೇಳುವರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವೆ. ನನಗೆ ಅಂಗಡಿಗೆ ಹೋಗಿಬರಲು ಬೇಕಾದಷ್ಟು ಜಪಾನಿ ಬರುತ್ತದೆ, ಓದಲು ಬರುವುದಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು.

ಆ ಕಾದಂಬರಿಯ ಕೊನೆಯ ಭಾಗ ಮೂಲ ಲೇಖಕನದಲ್ಲ, ಅವನು ಸತ್ತ ಮೇಲೆ ಬೇರೆ ಯಾರೋ ಸೇರಿಸಿದ್ದು ಎಂದು ಅನೇಕರು ಹೇಳುತ್ತಾರಂತೆ. ಅಲ್ಲ, ಅವನದೇ ಕರಡು ಇತ್ತು ಎನ್ನುವವರೂ ಇದ್ದಾರೆ. ಅದು ಬೇರೆಯವರದ್ದೇ ಎಂಬುದರಲ್ಲಿ ನನ್ನ ಗಂಡನಿಗೆ ಅನುಮಾನವೇ ಇರಲಿಲ್ಲ. "ಸತ್ತವನ ಬಾಯಲ್ಲಿ ಮಾತಿಡೋದು ತಪ್ಪು ಕಣೆ," ಎನ್ನುತ್ತಿದ್ದರು. ಓದುವವರಿಗೆ ಕಥೆ ಮುಗಿಯಬೇಕಲ್ಲ ಎಂದು, ಅಲ್ಲೊಂದು ಟಿಪ್ಪಣಿ ಹಾಕಿ, ಆ ಭಾಗವನ್ನೂ ಅನುವಾದಿಸತೊಡಗಿದರು.

ಕೊನೆಯ ಅಧ್ಯಾಯದ ಅನುವಾದ ನಡೆದದ್ದು ಅವರು ಕಾಯಿಲೆಬಿದ್ದು ಸೇರಿದ ಆಸ್ಪತ್ರೆಯಲ್ಲಿ. ಔಷಧದ ಮಂಪರಿನಲ್ಲಿ ವಾಕ್ಯದ ನಡುವೆಯೇ ನಿದ್ದೆಹೋಗುತ್ತಿದ್ದರು. ಮನೆಗೆ ಬಂದು ಆ ವಾಕ್ಯಗಳನ್ನು ನಾನೇ ಮುಗಿಸುತ್ತಿದ್ದೆ. ಊಹೆಯಿಂದ ಒಂದೆರಡು ಸೇರಿಸಿದ್ದೂ ಉಂಟು. ಮರುದಿನ ಓದಿ ಹೇಳಿದರೆ ಕಣ್ಣು ಮುಚ್ಚಿಕೊಂಡೇ "ಹೂಂ" ಎನ್ನುತ್ತಿದ್ದರು.

ಅವರು ಹೋಗಿ ಮೂರು ತಿಂಗಳಾದ ಮೇಲೆ, ಪುಸ್ತಕ ಅಚ್ಚುಹಾಕಿಸಲಿದ್ದ ಅವರ ಗೆಳೆಯ ಬೆಂಗಳೂರಿನಿಂದ ಫೋನ್ ಮಾಡಿದರು. ಇದ್ದದ್ದನ್ನು ಹೇಳಿದೆ.

"ಅಯ್ಯೋ, ಇರ್ಲಿ ಬಿಡಿ ಅತ್ತಿಗೆ, ಯಾರಿಗೆ ಗೊತ್ತಾಗುತ್ತೆ? ಪೂರ್ತಿ ಪುಸ್ತಕ ಬಂದ್ರೆ ಅವನಿಗೂ ಸಮಾಧಾನ."

ಆಗ ಅಕ್ಕಿ ತೊಳೆಯುತ್ತಿದ್ದೆ. ಫೋನ್ ಇಟ್ಟು ಅದೇ ಅಕ್ಕಿಯನ್ನು ಮತ್ತೆ ತೊಳೆದೆ.

ಶನಿವಾರ ಮಗಳನ್ನು ಕೂರಿಸಿಕೊಂಡೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಜಪಾನಿ ಸರಾಗ. ನಾನು ನೋಟ್‌ಬುಕ್ ಓದುತ್ತಾ ಹೋದೆ, ಅವಳು ಜಪಾನಿ ಪುಟದ ಮೇಲೆ ಬೆರಳಿಟ್ಟು ಹೋಲಿಸುತ್ತಾ ಬಂದಳು.

"ಅಮ್ಮ, ಸ್ಟಾಪ್. ಇಲ್ಲಿ ಅವ್ಳು ಟೀ ಮಾಡಲ್ಲ. ಟೀನೇ ಇಲ್ಲ."

"ಅದು ನಾನು ಬರೆದಿದ್ದು."

"ನಿಂಗೆ ಎಲ್ಲದಕ್ಕೂ ಟೀ!" ಎಂದು ನಕ್ಕಳು. ನಾನು ಆ ಸಾಲಿನ ಮೇಲೆ ಗೀಟು ಎಳೆದೆ. ಹೀಗೆ ಐದಾರು ಸಾಲು ಹೋದವು.

ಒಂದು ಕಡೆ ಅವಳು ತಲೆಯೆತ್ತಿದಳು. "ಇದು ಕರೆಕ್ಟ್. ಎಕ್ಸಾಕ್ಟ್ಲಿ ಹೀಗೇ ಇದೆ. ಇದು ಅಪ್ಪಂದು."

"ಅಲ್ಲ, ಇದೂ ನಂದೇ. ಅವತ್ತು ಅವ್ರು ಕಣ್ಣೇ ಬಿಟ್ಟಿರ್ಲಿಲ್ಲ."

"ಸೋ ವಾಟ್? ಸರಿಯಾಗಿದೆಯಲ್ಲ ಅಮ್ಮ, ಇಟ್ಕೋ."

ಇಟ್ಟುಕೊಳ್ಳಬೇಕು ಎನ್ನಿಸಿತೋ ಇಲ್ಲವೋ ನೆನಪಿಲ್ಲ. ಅದನ್ನೂ, ನಾನು ಮುಗಿಸಿದ್ದ ಉಳಿದೆಲ್ಲವನ್ನೂ ಹೊಡೆದುಹಾಕಿದೆ. ಅಧ್ಯಾಯದಲ್ಲಿ ಒಂದೂವರೆ ಪುಟ ಉಳಿಯಿತು. ಕೊನೆಯ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಹಾಗೆಯೇ ಬೆಂಗಳೂರಿಗೆ ಕಳುಹಿಸಿದೆ.